ಸೇವೆ, ಸಣ್ಣ ಮಕ್ಕಳು, ಸಂಧಿವಾತ: ಯಾವುದನ್ನು ಬಿಡಲಿ?

ಎರಡು ಮಕ್ಕಳ ಅಮ್ಮ
ಎಲ್ಲರಿಗೂ ವಂದನೆಗಳು. ಇಲ್ಲಿ ಬಹಳ ದಿನದಿಂದ ಓದುತ್ತಾ ಬಂದಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನಮ್ಮ ಯಜಮಾನರು ಸಭಾಪಾಲಕರು. ದೊಡ್ಡವಳು ಶಾಲೆಗೆ ಹೋಗುತ್ತಾಳೆ, ಚಿಕ್ಕವನಿಗೆ ಇನ್ನೂ ಯಾವಾಗಲೂ ಸೊಂಟದ ಮೇಲೇ ಇರಬೇಕು. ಅವನು ಹುಟ್ಟಿದ ಕೆಲವು ತಿಂಗಳಿಗೆ ಕೈಕಾಲಿನ ಗಂಟುಗಳು ಊದಿಕೊಂಡವು. ಬಾಣಂತಿಯ ಸುಸ್ತು ಅಂದುಕೊಂಡಿದ್ದೆವು. ಪರೀಕ್ಷೆ ಮಾಡಿಸಿದಾಗ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಬಂತು.

ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಸಡಿಲವಾಗಲು ಒಂದು ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಮಗಳ ಅಂಗಿಯ ಗುಂಡಿ, ಶೂ ಲೇಸು, ನೀರಿನ ಬಾಟಲಿಯ ಮುಚ್ಚಳ ಎಲ್ಲವೂ ಬರುವುದು ಅದೇ ಹೊತ್ತಿಗೆ. ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಬಾಟಲಿ ತಿರುಗಿಸುವುದು ಈಗ ಅಭ್ಯಾಸವಾಗಿದೆ. ಭಾನುವಾರ ಅದೇ ಬೆರಳಲ್ಲಿ ಕೀಬೋರ್ಡ್ ನುಡಿಸಬೇಕು, ಸಂಡೇ ಸ್ಕೂಲ್ ನಡೆಸಬೇಕು. ವಾರದ ಮಧ್ಯೆ ಸ್ತ್ರೀಯರ ಕೂಟ, ಮನೆ ಭೇಟಿ. ಯಾರಿಗಾದರೂ ಹುಷಾರಿಲ್ಲ ಅಂದರೆ ಮೊದಲು ಹೋಗಬೇಕಾದವಳು ನಾನೇ.

"ನೋಡೋಕೆ ಚೆನ್ನಾಗೇ ಇದ್ದೀರಲ್ಲಮ್ಮ" ಅನ್ನುತ್ತಾರೆ. ಹೌದು, ಸೀರೆ ಉಟ್ಟು ಸಭೆಗೆ ಬರುವ ಹೊತ್ತಿಗೆ ಚೆನ್ನಾಗೇ ಕಾಣಿಸುತ್ತೇನೆ. ಮನೆಗೆ ಬಂದು ಬಿದ್ದುಕೊಳ್ಳುವುದು ಮಕ್ಕಳಿಗೆ ಮಾತ್ರ ಕಾಣಿಸುತ್ತದೆ.

ಯಾವುದನ್ನು ಬಿಡಲಿ? ಏನು ಬಿಟ್ಟರೂ ಕರ್ತನಿಗೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡ ಹಾಗೆ ಅನ್ನಿಸುತ್ತದೆ.

ಹಳೇ ಪಾಸ್ಟರಮ್ಮ
ತಂಗಿ, ಮೊದಲು ಒಂದು ಮಾತು ಕೇಳ್ತೀನಿ. ನೀನು ಬರೆದಿರೋದ್ರಲ್ಲಿ ದೇವರು ನಿನ್ನನ್ನ ಕರೆದದ್ದು ಯಾವುದಕ್ಕೆ? ಮಾಡೋರು ಯಾರೂ ಇಲ್ಲ ಅಂತ ನಿನ್ನ ಕೈಗೆ ಬಂದದ್ದು ಯಾವುದು? ಪಾಸ್ಟರ್ ಹೆಂಡತಿ ಅಂದ್ರೆ ಸಂಬಳ ಇಲ್ಲದ ಇನ್ನೊಬ್ಬ ಪಾಸ್ಟರ್ ಅಂತ ಸಭೆಯವರು ಲೆಕ್ಕ ಹಾಕ್ಕೊಂಡಿರ್ತಾರೆ. ಆ ಲೆಕ್ಕ ಬೈಬಲ್‌ನಲ್ಲಿ ಎಲ್ಲೂ ಇಲ್ಲ. ನಾನು ಹುಡುಕಿದ್ದೀನಿ.

ನನಗೆ ಮೈಗ್ರೇನ್, ಮದುವೆಗೆ ಮುಂಚಿನಿಂದಲೂ. ತಲೆನೋವು ಬಂದ ದಿನ ಯಾವ ತೀರ್ಮಾನವನ್ನೂ ಮಾಡಬಾರದು ಅಂತ ಇಟ್ಟುಕೊಂಡಿದ್ದೀನಿ. ಆ ದಿನ ಒಂದೋ ಎಲ್ಲಾ ಬಿಟ್ಟುಬಿಡೋಣ ಅನ್ನಿಸುತ್ತೆ, ಇಲ್ಲಾ ಏನೂ ಬಿಡಬಾರದು ಅಂತ ಹಟ ಬರುತ್ತೆ. ಮೈ ಹಗುರ ಇರೋ ದಿನ ಗಂಡ ಹೆಂಡತಿ ಕೂತು, ಕೆಟ್ಟ ದಿನ ಬಂದ್ರೆ ಏನು ನಿಲ್ಲುತ್ತೆ, ಅದನ್ನ ಯಾರು ನೋಡ್ಕೋತಾರೆ ಅಂತ ಹೆಸರು ಸಮೇತ ಬರೆದಿಡಿ. ಆ ಹೆಸರಿನವರಿಗೂ ಮೊದಲೇ ಹೇಳಿಡಿ. ಇಲ್ಲದಿದ್ರೆ ಬೆಳಿಗ್ಗೆ ಆರಕ್ಕೆ ಹಾಸಿಗೆಯಲ್ಲಿ ಬಿದ್ಕೊಂಡು ಫೋನ್ ಮಾಡಿ ಬೇಡಿಕೊಳ್ಳಬೇಕಾಗುತ್ತೆ. ಅದಕ್ಕಿಂತ ಎದ್ದು ಹೋಗೋದೇ ವಾಸಿ ಅನ್ನಿಸಿ ಎದ್ದೇ ಹೋಗ್ತೀವಿ.

ವಿಮೋಚನಕಾಂಡ 18ರಲ್ಲಿ ಮೋಶೆಗೆ ಅವನ ಮಾವ ಇತ್ರೋ ಏನು ಹೇಳ್ತಾನೆ? ನೀನು ಮಾಡ್ತಿರೋದು ಸರಿಯಲ್ಲ, ನೀನೂ ದಣೀತೀಯ, ಜನರೂ ದಣೀತಾರೆ ಅಂತ. ಮೋಶೆಗೆ ಗಂಟು ನೋವೂ ಇರಲಿಲ್ಲ, ಸೊಂಟದ ಮೇಲೆ ಮಗುವೂ ಇರಲಿಲ್ಲ.

ವಿಶ್ವಾಸದ ಸಾಕ್ಷಿ
ಪ್ರೈಸ್ ದ ಲಾರ್ಡ್ ಸಹೋದರಿ. "ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು", ಯೆಶಾಯ 53:5. ದೇವರ ಸೇವಕರ ಮನೆಯಲ್ಲಿ ಕಾಯಿಲೆ ನಿಂತಿದೆ ಅಂದರೆ ಎಲ್ಲೋ ಪಾಪಕ್ಕೆ ಬಾಗಿಲು ತೆರೆದಿದೆ ಎಂದರ್ಥ. ಮಾತ್ರೆಯ ಮೇಲಿನ ಭರವಸೆ ಬಿಟ್ಟು ಉಪವಾಸ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳಿ. ಮಾತ್ರೆ ನಿಲ್ಲಿಸುವುದೂ ವಿಶ್ವಾಸದ ಒಂದು ಹೆಜ್ಜೆಯೇ. ಆಮೆನ್.

ವಾರ್ಡ್ ನರ್ಸ್
ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ನಾನೂ ವಿಶ್ವಾಸಿಯೇ, ಪ್ರಾರ್ಥನೆಗೆ ವಿರೋಧಿಯಲ್ಲ. ಆದರೆ ಈ ಸಲಹೆಯನ್ನು ಕೇಳಿ ಸ್ಟೀರಾಯ್ಡ್ ಮಾತ್ರೆ ಒಮ್ಮೆಲೇ ನಿಲ್ಲಿಸಿದವರನ್ನು ವಾರ್ಡ್‌ನಲ್ಲಿ ನೋಡಿದ್ದೇನೆ. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡರೆ, ನಮ್ಮ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಾವು ಮಾಡುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಕಡಿಮೆ ಮಾಡುತ್ತವೆ. ಹೊರಗಿನಿಂದ ಬರುವುದು ಥಟ್ಟನೆ ನಿಂತರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಅದಕ್ಕೇ ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

ಅಕ್ಕ, ನಿಮಗೆ ಮೆಥೊಟ್ರೆಕ್ಸೇಟ್ ಕೊಟ್ಟಿದ್ದರೆ ಈ ಕಾಯಿಲೆಗೆ ಅದು ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ವಿಷವಾಗುತ್ತದೆ. ಮಕ್ಕಳ ಗಲಾಟೆಯ ಮನೆಯಲ್ಲಿ ವಾರದ ಆ ಒಂದು ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಜೊತೆಗೆ ಫೋಲಿಕ್ ಆಸಿಡ್ ಬರೆದಿರುತ್ತಾರೆ, ರಕ್ತ ಪರೀಕ್ಷೆಯನ್ನು ಹೇಳಿದ ಹೊತ್ತಿಗೆ ಮಾಡಿಸಲೇಬೇಕು. ಇನ್ನೊಂದು ಮಗುವಿನ ಯೋಚನೆಯಿದ್ದರೆ ಬಹಳ ಮುಂಚೆಯೇ ಡಾಕ್ಟರಿಗೆ ಹೇಳಿ, ಈ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಬಾಣಂತನದಲ್ಲಿ ಈ ಕಾಯಿಲೆ ತಲೆ ಎತ್ತುವುದು ಹೊಸದೇನಲ್ಲ. ಬಸುರಿನಲ್ಲಿ ತಣ್ಣಗಿದ್ದು ಹೆರಿಗೆಯಾದ ಮೇಲೆ ಜೋರಾಗುವವರು ಬಹಳ ಜನ. ನೀವು ಯಾವ ಬಾಗಿಲನ್ನೂ ತೆರೆದಿಲ್ಲ.

ಸೇವೆಗೇ ಸಂಬಂಧಿಸಿದ್ದು ಇನ್ನೊಂದಿದೆ. ಈ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಜ್ವರ ಬಂದವರ ಮನೆಗೆ, ಆಸ್ಪತ್ರೆಯ ವಾರ್ಡಿಗೆ ಪ್ರಾರ್ಥನೆಗೆಂದು ಹೋಗುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಉಪವಾಸವನ್ನೂ ಅಷ್ಟೇ. ನೋವಿನ ಮಾತ್ರೆಗಳಲ್ಲಿ ಹಲವನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಹಾಗಿಲ್ಲ.

ಎರಡು ಮಕ್ಕಳ ಅಮ್ಮ
ನರ್ಸ್ ಅಕ್ಕ, ವಾರ್ಡಿನ ಮಾತು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮುಂದಿನ ಸಲ ಕೇಳುತ್ತೇನೆ.

ಓದುವ ಪಾಸ್ಟರ್
"ತೆರೆದ ಬಾಗಿಲು" ಅಂದ ಸಹೋದರರಿಗೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ, ಪಾಪ ಮಾಡಿದವರು ಯಾರು ಅಂತ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂತ ಯೇಸು ಅಲ್ಲಿಗೇ ಮುಗಿಸಿದರು.

ಪೌಲನ ಸುತ್ತಮುತ್ತ ಇದ್ದವರನ್ನು ನೋಡಿ. ಎಪಫ್ರೊದೀತ ಸಾಯುವ ಹಾಗಾಗಿದ್ದ, ಫಿಲಿಪ್ಪಿ 2. ತ್ರೊಫಿಮ ಕಾಯಿಲೆ ಬಿದ್ದದ್ದರಿಂದ ಅವನನ್ನು ಮಿಲೇತದಲ್ಲೇ ಬಿಟ್ಟು ಬಂದೆ ಅಂತ ಪೌಲ ಬರೆಯುತ್ತಾನೆ, 2 ತಿಮೊಥೆ 4:20. ತಿಮೊಥೆಗೆ ಪದೇ ಪದೇ ಅಸ್ವಸ್ಥತೆ. ಅವನಿಗೆ ಪೌಲ ಬರೆದದ್ದು "ಸ್ವಲ್ಪ ದ್ರಾಕ್ಷಾರಸ ತಗೋ" ಅಂತ, ನಿನ್ನ ವಿಶ್ವಾಸ ಕಡಿಮೆ ಅಂತಲ್ಲ. ಅಪೊಸ್ತಲರ ಕೃತ್ಯಗಳು 19ರಲ್ಲಿ ಇದೇ ಪೌಲನ ಮೈಗೆ ಮುಟ್ಟಿಸಿದ ಕೈವಸ್ತ್ರದಿಂದ ರೋಗಗಳು ವಾಸಿಯಾದವು. ಗುಣವಾದದ್ದನ್ನೂ ಗುಣವಾಗದ್ದನ್ನೂ ಅವನು ಒಂದೇ ವಿಶ್ವಾಸದಲ್ಲಿ ಹೊತ್ತುಕೊಂಡಿದ್ದ. ತನ್ನ ಮೈಯ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ.

ಸಹೋದರಿ, ಇಂಗ್ಲೆಂಡಿನ ಪ್ರಸಿದ್ಧ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ ಅವರ ಹೆಂಡತಿ ಸುಸಾನಾ ಅವರ ವಿಷಯ ನಿಮಗೆ ಧೈರ್ಯ ಕೊಡಬಹುದು. ಮದುವೆ 1856ರಲ್ಲಿ, ಅದೇ ವರ್ಷ ಅವಳಿ ಗಂಡು ಮಕ್ಕಳು. ಮೂವತ್ತು ದಾಟಿದ ಮೇಲೆ ಕಾಯಿಲೆ ಹಿಡಿದು ವರ್ಷಗಟ್ಟಲೆ ಮನೆಯಲ್ಲೇ ಉಳಿದರು, ಗಂಡನ ಪ್ರಸಂಗ ಕೇಳಲು ಹೋಗುವುದೂ ಆಗುತ್ತಿರಲಿಲ್ಲ. 1875ರಲ್ಲಿ ಮನೆಯಿಂದಲೇ ಬಡ ಪಾಸ್ಟರುಗಳಿಗೆ ಪುಸ್ತಕ ಕಳಿಸುವ ನಿಧಿ ಶುರು ಮಾಡಿ, 1903ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸದಲ್ಲಿದ್ದರು. ಮನೆ ಬಿಟ್ಟು ಕದಲಲಾಗದವರಿಗೂ ಸೇವೆ ಇದೆ.

ಹಳೇ ಪಾಸ್ಟರಮ್ಮ
ಪಾಸ್ಟರ್ ಅವರೇ, ಒಳ್ಳೇ ಉದಾಹರಣೆ. ಆದ್ರೆ ಇಸವಿ ಇನ್ನೊಂದ್ಸಲ ನೋಡಿ. 1875ಕ್ಕೆ ಆ ಅವಳಿ ಮಕ್ಕಳಿಗೆ ಹತ್ತೊಂಬತ್ತರ ಹತ್ತಿರ. ಮನೆಯಲ್ಲಿ ಕೆಲಸದವರೂ ಇದ್ರು. ಸೊಂಟದ ಮೇಲೆ ಮಗು ಇರೋ ಹೆಂಗಸಿಗೆ ಈ ಕಥೆ ಹೇಳಿದ್ರೆ, ಮಲಗಿದ ಕಡೆಯಿಂದಲೂ ಏನಾದ್ರೂ ದೊಡ್ಡದು ಮಾಡು ಅಂತ ಇನ್ನೊಂದು ಹೊರೆ ಹೊರಿಸಿದ ಹಾಗೆ. ಅದರಲ್ಲಿ ನನಗೆ ಕಾಣೋದು ಬೇರೆ. ಕೆಲವು ಸೇವೆಗೆ ಮಕ್ಕಳು ಬೆಳೆಯೋ ತನಕ ಕಾಯಬಹುದು.

ಓದುವ ಪಾಸ್ಟರ್
ಅಮ್ಮಾ, ಆ ಇಸವಿಯನ್ನು ನಾನು ಹಾಗೆ ಕೂಡಿಸಿ ನೋಡಿರಲಿಲ್ಲ. ಒಪ್ಪಿದೆ.

ವಿಶ್ವಾಸದ ಸಾಕ್ಷಿ
ಹಾಗಾದರೆ ಪ್ರಾರ್ಥನೆಯೇ ಬೇಡ ಅನ್ನುತ್ತೀರಾ ಎಲ್ಲರೂ?

ಎರಡು ಮಕ್ಕಳ ಅಮ್ಮ
ಅಣ್ಣಾ, ಪ್ರಾರ್ಥನೆ ಬೇಕು. ದಿನಾ ಬೇಕು. ಆದರೆ ಪ್ರತಿ ಸ್ವಸ್ಥತಾ ಕೂಟದಲ್ಲೂ ನನ್ನ ಹೆಸರು ಹಿಡಿದು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು, "ಈಗ ಹೇಗಿದೆ, ಕೈ ಎತ್ತಿ ತೋರಿಸಿ" ಅನ್ನುವುದು ಬೇಡ. ಕೈ ಎತ್ತಲು ಬರಲಿಲ್ಲ ಅಂದರೆ ಅಲ್ಲಿದ್ದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಜಾರಾಗಬಾರದು ಅಂತ ನೋವು ನುಂಗಿಕೊಂಡು ಎತ್ತಿದ್ದೂ ಇದೆ. ಯಾಕೋಬ 5:14ರಲ್ಲಿ ಕಾಯಿಲೆಯಲ್ಲಿರುವವನು ಸಭೆಯ ಹಿರಿಯರನ್ನು ಕರೇಕಳಿಸಲಿ ಅಂತ ಇದೆ. ಕರೆಯುವವರು ನಾವು, ಬರುವವರು ಅವರು. ಆ ಕ್ರಮ ನನಗೆ ಹಿಡಿಸುತ್ತದೆ.

ಲೂಪಸ್ ಜೊತೆ ಬಾಳು
ನಾನು ಪಾಸ್ಟರಮ್ಮ ಅಲ್ಲ, ಸಾಮಾನ್ಯ ವಿಶ್ವಾಸಿ. ಲೂಪಸ್ ಇದೆ (ಮೈಯ ರೋಗನಿರೋಧಕ ಶಕ್ತಿಯೇ ಮೈಯ ಮೇಲೆ ಬೀಳುವ ಕಾಯಿಲೆ), ಒಬ್ಬ ಮಗ, ಕೆಲಸಕ್ಕೂ ಹೋಗುತ್ತೇನೆ, ಮನೆಯವರು ಸಭೆಗೆ ಬರುವುದಿಲ್ಲ. ಲೂಪಸ್ ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಜನ ಹೆಂಗಸರೇ, ಅದೂ ಹೆಚ್ಚಾಗಿ ಮಕ್ಕಳು ಹೆರುವ ವಯಸ್ಸಿನಲ್ಲಿ. ಬಿಸಿಲು ತಾಗಿದರೆ ನನಗೆ ಮೈಯೆಲ್ಲಾ ಕೆರಳುತ್ತದೆ. ಅದಕ್ಕೇ ಸುವಾರ್ತೆಗೆ ಬೀದಿಗೆ ಹೋಗುವ ತಂಡದಿಂದ ಹೊರಬಂದೆ. ಅವರು ವಾಪಸ್ ಬಂದು ಸಾಕ್ಷಿ ಹೇಳುವಾಗ ಒಳಗೆ ಒಂದು ಚುಚ್ಚು ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

ಅದರ ಬದಲಿಗೆ ಫೋನಿನಲ್ಲಿ ಪ್ರಾರ್ಥನೆ ಶುರು ಮಾಡಿದೆ. ಕೂತಲ್ಲೇ ಮಾಡುವ ಸೇವೆ, ಸುಲಭ ಅಂದುಕೊಂಡೆ. ಕೂತು ಮಾಡುವುದೂ ಮೈಯನ್ನು ತಿನ್ನುತ್ತದೆ ಅಕ್ಕ. ರಾತ್ರಿ ಹನ್ನೊಂದಕ್ಕೆ ಗಂಡ ಹೆಂಡತಿ ಜಗಳದ ಫೋನು, ಅಳು, ಮಧ್ಯೆ ನನ್ನ ಮಗ ಎದ್ದು ನೀರು ಕೇಳುತ್ತಾನೆ. ನಿದ್ದೆ ಕೆಟ್ಟ ಮಾರನೇ ದಿನ ಗಂಟು ಗಂಟಲ್ಲೂ ನೋವು. ಈಗ ರಾತ್ರಿ ಎಂಟೂವರೆಗೆ ಫೋನ್ ಸೈಲೆಂಟ್. "ನಿಮ್ಮ ಮೆಸೇಜ್ ನೋಡಿದೆ, ನಾಳೆ ಮಧ್ಯಾಹ್ನ ಪ್ರಾರ್ಥಿಸೋಣ" ಅಂತ ಒಂದು ಸಾಲು ಬರೆದಿಟ್ಟುಕೊಂಡಿದ್ದೇನೆ, ಅದನ್ನೇ ಕಳಿಸುತ್ತೇನೆ. ಮನೆಯಿಂದ ಮಾಡುವ ಸೇವೆಗೆ ಹೊತ್ತುಗೊತ್ತು ಇಲ್ಲದಿದ್ದರೆ ಅದು ಸಭೆಯ ಕೆಲಸಕ್ಕಿಂತ ಭಾರವಾಗುತ್ತದೆ.

ಬೆಳೆದ ಮಗಳು
ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ಅಮ್ಮನೂ ಸೇವೆಯಲ್ಲಿದ್ದರು, ಅವರಿಗೂ ವಾಸಿಯಾಗದ ಕಾಯಿಲೆ. ಮಗಳ ಕಡೆಯಿಂದ ಹೇಗೆ ಕಾಣುತ್ತಿತ್ತು ಅಂತ ಮಾತ್ರ ಹೇಳುತ್ತೇನೆ.

ಅಮ್ಮ ಮಲಗಿರುವುದು ನಮಗೆ ಕಷ್ಟ ಅನ್ನಿಸಿರಲಿಲ್ಲ. ಶಾಲೆಯಿಂದ ಬಂದು ಅವರ ಮಂಚದ ಮೇಲೇ ಬ್ಯಾಗ್ ಹಾಕಿ, ಅವರ ಕಾಲಿನ ಹತ್ತಿರ ಕೂತು ಹೋಂವರ್ಕ್ ಮಾಡುತ್ತಿದ್ದೆವು. ನಾನು ಓದಲು ಕಲಿತದ್ದೇ ಹಾಗೆ. ಅವರು ಕಣ್ಣು ಮುಚ್ಚಿಕೊಂಡು ಕೀರ್ತನೆ ಹೇಳುವುದು, ನಾನು ಪುಸ್ತಕದಲ್ಲಿ ಬೆರಳಿಟ್ಟು ಅದನ್ನು ಹುಡುಕುವುದು. ನನಗೆ ಇವತ್ತಿಗೂ ಬಾಯಿಪಾಠ ಬರುವ ಕೀರ್ತನೆಗಳೆಲ್ಲಾ ಆ ಮಂಚದ ಮೇಲೆ ಕಲಿತವು.

ಸಭೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಕೊಟ್ಟು ನಗುತ್ತಿದ್ದ ಅಮ್ಮ, ಮನೆ ಬಾಗಿಲು ಹಾಕಿದ ಕೂಡಲೇ ಒಂದು ಮಾತೂ ಆಡುತ್ತಿರಲಿಲ್ಲ. ಕಷ್ಟವಾಗುತ್ತಿದ್ದದ್ದು ಅದು. ಒಳ್ಳೇ ಅಮ್ಮ ಸಭೆಯವರಿಗೆ, ಉಳಿದದ್ದು ನಮಗೆ. ಕಾಯಿಲೆಯ ಹೆಸರನ್ನೂ ನಮಗೆ ಯಾರೂ ಹೇಳಿರಲಿಲ್ಲ. ಮಕ್ಕಳು ಹೆದರುತ್ತಾರೆ ಅಂತ ಇರಬೇಕು. ನಾನು ಗಲಾಟೆ ಮಾಡಿದ್ದರಿಂದಲೇ ಅಮ್ಮನಿಗೆ ಜ್ವರ ಬರುತ್ತದೆ ಅಂತ ವರ್ಷಾನುಗಟ್ಟಲೆ ನಂಬಿದ್ದೆ.

ಆಂಟಿ, ನಿಮ್ಮ ಮಗಳಿಗೆ ಹೆಸರು ಹೇಳಿಬಿಡಿ. ನಿನ್ನಿಂದ ಬಂದದ್ದಲ್ಲ, ನಿನಗೆ ಅಂಟುವುದಿಲ್ಲ ಅಂತಲೂ ಹೇಳಿ. ಇನ್ನೊಂದು. ತಮ್ಮನನ್ನು ಎತ್ತಿಕೊಳ್ಳುವುದು, ಅವನನ್ನು ಮಲಗಿಸುವುದು ಮೆಲ್ಲಗೆ ಅವಳ ಪಾಲಿಗೆ ಬಂದುಬಿಡುತ್ತದೆ. "ಎಷ್ಟು ಜಾಣೆ, ಪುಟ್ಟ ಅಮ್ಮ" ಅಂತ ಸಭೆಯವರೆಲ್ಲ ಹೊಗಳುತ್ತಾರೆ. ಆ ಹೊಗಳಿಕೆ ನನಗೆ ಬಹಳ ಇಷ್ಟವಾಗಿತ್ತು, ಅದೇ ತೊಂದರೆ.

ಎರಡು ಮಕ್ಕಳ ಅಮ್ಮ
ಇದನ್ನು ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮ ಮನೆಯಲ್ಲೂ "ಪುಟ್ಟ ಅಮ್ಮ" ಶುರುವಾಗಿದೆ. ಬಾಟಲಿಯ ಮುಚ್ಚಳವನ್ನು ಈಗ ಅವಳೇ ರಾತ್ರಿ ಸಡಿಲ ಮಾಡಿಡುತ್ತಾಳೆ.

ಸಭೆಯ ಹಿರಿಯ
ನಾನು ಒಂದು ಸಭೆಯ ಆಡಳಿತ ಸಮಿತಿಯಲ್ಲಿದ್ದೇನೆ. ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಹೇಳದಿದ್ದರೆ ನಮಗೆ ಗೊತ್ತಾಗುವುದು ಹೇಗೆ? ನಮ್ಮ ಪಾಸ್ಟರಮ್ಮ ಯಾವಾಗ ಕೇಳಿದರೂ "ಚೆನ್ನಾಗಿದ್ದೀನಿ, ಕರ್ತನಿಗೆ ಸ್ತೋತ್ರ" ಅನ್ನುತ್ತಾರೆ. ಏನಾದರೂ ಬೇಕಾದರೆ ಹೇಳಿ ಅಂತ ನಾವೂ ಎಷ್ಟೋ ಸಲ ಹೇಳಿದ್ದೇವೆ. ಒಂದು ದಿನವೂ ಕೇಳಿದವರಲ್ಲ.

ಹಳೇ ಪಾಸ್ಟರಮ್ಮ
"ಏನಾದರೂ ಬೇಕಾದರೆ ಹೇಳಿ" ಅಂದ್ರೆ ಕೇಳೋ ಕೆಲಸವನ್ನೂ ಕಾಯಿಲೆಯವರ ಮೇಲೇ ಹಾಕಿದ ಹಾಗಲ್ಲವೇ ಸ್ವಾಮಿ? "ಬುಧವಾರ ಮಗೂನ ಶಾಲೆಯಿಂದ ನಾನು ಕರ್ಕೊಂಡು ಬರ್ತೀನಿ" ಅನ್ನಿ. ಬೇಡ ಅಂದ್ರೆ ಅವರೇ ಬೇಡ ಅಂತಾರೆ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನ ಹೊತ್ತುಕೊಂಡು ಬಂದ ನಾಲ್ಕು ಜನ, ಬೇಕಾದ್ರೆ ಹೇಳು ಅಂತ ಕಾದು ಕೂತಿರಲಿಲ್ಲ. ಮಾಳಿಗೇನೇ ಬಿಚ್ಚಿದ್ರು.

ಇನ್ನು "ಚೆನ್ನಾಗಿದ್ದೀನಿ" ಅನ್ನೋದರ ಬಗ್ಗೆ. ಪಾಸ್ಟರಮ್ಮ ನೋವು ಅಂದ್ರೆ ಅದು ವಾರದೊಳಗೆ ಎಲ್ಲರ ಪ್ರಾರ್ಥನಾ ವಿಷಯವಾಗಿ, ಅಲ್ಲಿಂದ ಎಲ್ಲರ ಮಾತಿನ ವಿಷಯವಾಗುತ್ತೆ. ಬಾಯಿ ಮುಚ್ಕೊಂಡಿರೋಕೆ ಕಾರಣ ಇರುತ್ತೆ.

ಅಡುಗೆಮನೆ ಪಾಸ್ಟರ್
ಗಂಡಸರ ಕಡೆಯಿಂದ ಒಂದು ಮಾತು. ನನ್ನ ಹೆಂಡತಿಗೆ ಕರುಳಿನ ಕಾಯಿಲೆ, ಕ್ರೋನ್ಸ್. "ನನ್ನಿಂದ ಈ ತಿಂಗಳು ಆಗಲ್ಲ" ಅಂತ ಅವಳು ಹೇಳಿದಾಗ ಜನ ಅದನ್ನು ನೆಪ ಅಂದುಕೊಂಡರು. ಅದೇ ಮಾತನ್ನು ನಾನು ಆರಾಧನೆ ಮುಗಿದ ಮೇಲೆ ಪ್ರಕಟಣೆಯಲ್ಲಿ ಓದಿದಾಗ ವ್ಯವಸ್ಥೆ ಅಂದುಕೊಂಡು ಒಪ್ಪಿಕೊಂಡರು. ನ್ಯಾಯವಲ್ಲ, ಆದರೆ ನಡೆಯುವುದು ಹೀಗೆ. ಅಕ್ಕ, ಬಿಡುವ ಸೇವೆಯನ್ನು ನೀವು ಹೋಗಿ ಹೇಳಬೇಡಿ, ಅಣ್ಣನ ಬಾಯಿಂದ ಬರಲಿ. ನಿಮ್ಮ ಜಾಗದಲ್ಲಿ ಯಾರು ಅನ್ನುವ ಹೆಸರೂ ಅದೇ ಉಸಿರಿನಲ್ಲಿ ಬರಲಿ, ಇಲ್ಲದಿದ್ದರೆ ಎರಡು ವಾರ ಬಿಟ್ಟು ಮತ್ತೆ ನಿಮ್ಮ ಬಳಿಯೇ ಬರುತ್ತಾರೆ.

ಅಡುಗೆಮನೆ ನನ್ನದಾದ ಮೇಲೆ ನನ್ನ ಪ್ರಸಂಗಗಳು ಸ್ವಲ್ಪ ಚಿಕ್ಕದಾಗಿವೆ. ಸಭೆಯವರು ದೂರಿಲ್ಲ.

ಲೂಪಸ್ ಜೊತೆ ಬಾಳು
😂 ನಮ್ಮ ಪಾಸ್ಟರಿಗೂ ಒಂದು ಅಡುಗೆಮನೆ ಕೊಡಿಸಿ.

ಎರಡು ಮಕ್ಕಳ ಅಮ್ಮ
ಎಲ್ಲರಿಗೂ ಸೇರಿಸಿ ಉತ್ತರ. ನಾವಿಬ್ಬರೂ ಕೂತು ಮಾತಾಡಿದೆವು, ಮೈ ಹಗುರವಿದ್ದ ದಿನವೇ.

ಕೀಬೋರ್ಡ್ ಬಿಟ್ಟೆ. ಇದನ್ನು ಬರೆಯುವಾಗಲೂ ಅಳು ಬರುತ್ತಿದೆ. ಕರೆ ಯಾವುದು, ಖಾಲಿ ಜಾಗ ಯಾವುದು ಅಂತ ಹಳೇ ಪಾಸ್ಟರಮ್ಮ ಕೇಳಿದರಲ್ಲ, ನಿಜವಾಗಿ ನನ್ನ ಕರೆ ಸಂಗೀತವೇ ಇತ್ತು. ಬೆರಳು ಬಿಡುತ್ತಿಲ್ಲ. ಖಾಲಿ ಜಾಗದವೇ ಉಳಿದುಕೊಂಡವು, ಯಾಕೆಂದರೆ ಅವನ್ನು ಕೂತು ಮಾಡಬಹುದು. ಇದಕ್ಕೆ ಯಾವ ವಚನ ಹಾಕಬೇಕೋ ನನಗೆ ಗೊತ್ತಿಲ್ಲ, ದಯವಿಟ್ಟು ಯಾರೂ ಹಾಕಲೂ ಬೇಡಿ.

ಸಂಡೇ ಸ್ಕೂಲಿಗೆ ಪಾಠ ತಯಾರು ಮಾಡುವುದು ನಾನು. ವಾಯ್ಸ್ ಮೆಸೇಜಿನಲ್ಲಿ ಕಥೆ ಹೇಳಿ ಕಳಿಸುತ್ತೇನೆ, ಯೌವನಸ್ಥರ ಗುಂಪಿನ ಇಬ್ಬರು ತರಗತಿಯಲ್ಲಿ ನಿಲ್ಲುತ್ತಾರೆ. ಮೊದಲ ಭಾನುವಾರ ಒಬ್ಬ ಹುಡುಗ ಯೋನನ ಕಥೆಯನ್ನು ನಾನು ಹೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿದನಂತೆ, ಮೀನಿನ ಹೊಟ್ಟೆ ಬಂದಾಗ ಮಕ್ಕಳನ್ನೆಲ್ಲ ಮೇಜಿನ ಕೆಳಗೆ ಕೂರಿಸಿ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಸ್ತ್ರೀಯರ ಕೂಟ ಬೆಳಿಗ್ಗೆಯಿಂದ ಸಂಜೆ ನಾಲ್ಕಕ್ಕೆ ಹೋಗಿದೆ, ಆ ಹೊತ್ತಿಗೆ ನನ್ನ ಕೈ ಬಗ್ಗುತ್ತದೆ. ಬೆಳಿಗ್ಗೆಯೇ ಅನುಕೂಲ ಅನ್ನುವ ಒಬ್ಬಿಬ್ಬರು ಬರುತ್ತಿಲ್ಲ. ಮನೆ ಭೇಟಿ ಜ್ವರವಿಲ್ಲದ ಮನೆಗಳಿಗೆ ಮಾತ್ರ, ಅದೂ ಕೀಲು ಊದಿಲ್ಲದ ವಾರದಲ್ಲಿ.

ಪ್ರಕಟಣೆಯನ್ನು ಯಜಮಾನರೇ ಓದಿದರು. "ಪಾಸ್ಟರಮ್ಮ ಸೇವೆಯಿಂದ ಹಿಂದೆ ಸರಿದರು" ಅನ್ನುವ ಮಾತು ಒಂದು ಕಡೆಯಿಂದ ಕೇಳಿ ಬಂದಿದೆ. ನಿದ್ದೆಯೇನೂ ಕೆಟ್ಟಿಲ್ಲ.

ಮಗಳಿಗೆ ಹೆಸರು ಹೇಳಿದೆ. "ರುಮಟಾಯ್ಡ್" ಅನ್ನುವುದು ಅವಳಿಗೆ ಬಾಯಿಗೆ ಬರಲಿಲ್ಲ, ಬಹಳ ನಕ್ಕಳು. ಆಮೇಲೆ "ತಮ್ಮ ಹುಟ್ಟಿದ್ದಕ್ಕೆ ಬಂತಾ?" ಅಂತ ಕೇಳಿದಳು. ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ.

ವಾರ್ಡ್ ನರ್ಸ್
"ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಗಂಟಿನ ಮೇಲೆ ಬೀಳುತ್ತದೆ, ತಮ್ಮನೂ ಕಾರಣವಲ್ಲ, ನೀನೂ ಅಲ್ಲ" ಅಂತ ಹೇಳಿ. ಆ ವಯಸ್ಸಿಗೆ ಅಷ್ಟು ಸಾಕು, ಅದು ನಿಜವೂ ಹೌದು. ತಮ್ಮನ ಮೇಲೆ ಅವಳಿಗೆ ಸಿಟ್ಟು ನಿಂತಿದೆಯೇ ಅಂತ ಮಾತ್ರ ಗಮನಿಸುತ್ತಿರಿ. ಬಾಟಲಿಗೆ ತಿರುಪಿನ ಮುಚ್ಚಳದ ಬದಲು ಒತ್ತಿದರೆ ತೆರೆಯುವ ಮುಚ್ಚಳದ್ದು ತಗೊಳ್ಳಿ, ಅಂಗಿಗೆ ಗುಂಡಿ ಬಿಚ್ಚಿಸಿ ವೆಲ್ಕ್ರೋ ಹೊಲಿಸಿ. ಹಲ್ಲಾದರೂ ಉಳಿಯಲಿ.

ಸಭೆಯ ಹಿರಿಯ
ಇದನ್ನೆಲ್ಲ ನಮ್ಮ ಸಮಿತಿಯಲ್ಲಿ ಇಡಬೇಕು ಅಂತಿದ್ದೇನೆ. ನಮ್ಮ ಪಾಸ್ಟರಮ್ಮನನ್ನು ಮೊದಲು ಕೇಳಿಯೇ. ಒಂದು ಸಂಶಯ: ಸಭೆಗೆ ಹೇಳುವಾಗ ಕಾಯಿಲೆಯ ಹೆಸರು ಹೇಳಬೇಕೋ, ಸುಮ್ಮನೆ "ಆರೋಗ್ಯ ಸರಿಯಿಲ್ಲ" ಅಂದರೆ ಸಾಕೋ?

ಎರಡು ಮಕ್ಕಳ ಅಮ್ಮ
ಅದು ಅವರಿಷ್ಟ ಅಣ್ಣಾ, ಅವರು ಹೇಳಿದ ಹಾಗೆ ಮಾಡಿ. ನಾನಾದರೆ ಹೆಸರು ಹೇಳಿ ಅಂದೆ. "ಆರೋಗ್ಯ ಸರಿಯಿಲ್ಲ" ಅಂದರೆ ಮುಂದಿನ ವಾರ "ಈಗ ಸರಿಹೋಯ್ತಾ?" ಅಂತ ಕೇಳುತ್ತಾರೆ. ಹೆಸರು ಹೇಳಿ, ಇದು ಬಹಳ ಕಾಲ ಇರುವಂಥದ್ದು ಅಂದರೆ ಆ ಪ್ರಶ್ನೆ ಕಡಿಮೆಯಾಗುತ್ತದೆ. ಮಾತ್ರೆಗಳ ವಿಷಯ ಮಾತ್ರ ಹೇಳಿಸಲಿಲ್ಲ. ಹೇಳಿದ್ದರೆ ಪ್ರತಿಯೊಬ್ಬರೂ ಅವರವರ ಚಿಕ್ಕಮ್ಮ ತಗೊಂಡ ಔಷಧಿ ಹೇಳಿಕೊಂಡು ಬಂದಿರೋರು.